ಕರೆ ಬಂದೊಡನೆ 4ಜಿ ಹೋಗಿ ‘ಇ’ ಬರುವುದೇಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ನನ್ನ ಫೋನಿನಲ್ಲಿ ಅಂಗಳದಲ್ಲಿ ನಿಂತರೆ 4ಜಿ ಎಂದು ತೋರಿಸುತ್ತದೆ, ಒಳಗೆ ಅಡುಗೆಮನೆಗೆ ಹೋದರೆ ‘ಇ’ ಬರುತ್ತದೆ. ಯಾರಾದರೂ ಫೋನ್ ಮಾಡಿದ ಕೂಡಲೇ ಅಂಗಳದಲ್ಲಿದ್ದರೂ 4ಜಿ ಹೋಗಿ ‘ಇ’ ಆಗುತ್ತದೆ, ನೆಟ್ ನಿಂತೇಹೋಗುತ್ತದೆ. ನಮ್ಮ ಮನೆಯವರ ಹಳೇ ಬಿಎಸ್‌ಎನ್‌ಎಲ್ ಸಿಮ್ಮಿನಲ್ಲಿ 3ಜಿ ಅಂತ ಇದ್ದದ್ದು ಆಗಾಗ ‘ಎಚ್’ ಆಗಿ ಮತ್ತೆ 3ಜಿ ಆಗುತ್ತದೆ. ಮೊನ್ನೆ ಶಿವಮೊಗ್ಗಕ್ಕೆ ಹೋದಾಗ ಮಗನ ಫೋನಿನಲ್ಲಿ 5ಜಿ ಇತ್ತು, ಕಡ್ಡಿಗಳೂ ಪೂರ್ತಿ ಇದ್ದವು. ಆದರೂ ಬಸ್ ಸ್ಟ್ಯಾಂಡಿನಲ್ಲಿ ದುಡ್ಡು ಕಳಿಸಲು ಹೋದರೆ ಗಿರಗಿರ ತಿರುಗುತ್ತಲೇ ಇತ್ತು. ಮೊಬೈಲ್ ಅಂಗಡಿಯವರು ‘ಹೊಸ ಫೋನ್ ತಗೊಳ್ಳಿ ಸಾರ್’ ಅನ್ನುತ್ತಾರೆ. ತಗೊಳ್ಳಲೇಬೇಕೆ?

ಉತ್ತರ: ಸದ್ಯಕ್ಕೆ ಬೇಡ. ಅಂಗಡಿಯವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನೀವು ಬರೆದ ನಾಲ್ಕು ವಿಷಯಗಳಲ್ಲಿ ಒಂದಕ್ಕೆ ಮದ್ದು ಬಹುಶಃ ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇದೆ, ಒಂದು ತೊಂದರೆಯೇ ಅಲ್ಲ, ಉಳಿದೆರಡನ್ನು ಲಕ್ಷ ರೂಪಾಯಿಯ ಫೋನೂ ಸರಿಮಾಡಲಾರದು.

ಕರೆ ಬಂದಾಗ ‘ಇ’ ಆಗುವುದರಿಂದ ಶುರುಮಾಡುತ್ತೇನೆ, ಯಾಕೆಂದರೆ ಈ ಪ್ರಶ್ನೆ ನನಗೆ ಅತಿ ಹೆಚ್ಚು ಬರುತ್ತದೆ. 2ಜಿ, 3ಜಿ ಜಾಲಗಳಲ್ಲಿ ಮಾತಿಗೆ ಒಂದು ದಾರಿ, ಡೇಟಾಕ್ಕೆ ಇನ್ನೊಂದು ದಾರಿ. ನೀವು ಮಾತಾಡುವಷ್ಟು ಹೊತ್ತೂ ಒಂದು ದಾರಿ ನಿಮಗೆಂದೇ ಮೀಸಲಾಗಿರುತ್ತದೆ, ನೀವು ಸುಮ್ಮನಿದ್ದರೂ ಅದನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. 4ಜಿ ರೂಪಿಸುವಾಗ ಈ ಮಾತಿನ ದಾರಿಯನ್ನೇ ಕೈಬಿಟ್ಟರು. ಅಲ್ಲಿ ಎಲ್ಲವೂ ಡೇಟಾ. ಮಾತೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಡೇಟಾದ ಜೊತೆಗೇ ಹೋಗಬೇಕು. ಹಾಗೆ ಹೋಗುವ ಮಾತಿಗೆ ವೋಲ್ಟೆ ಎಂದು ಹೆಸರು. ನಿಮ್ಮ ಫೋನಿನಲ್ಲಿ ವೋಲ್ಟೆ ಆಫ್ ಆಗಿದ್ದರೆ, ಅಥವಾ ಫೋನು ಆ ಕಂಪನಿಯ ವೋಲ್ಟೆಗೆ ಹೊಂದಿಕೊಳ್ಳದಿದ್ದರೆ, ಕರೆ ಬಂದ ತಕ್ಷಣ ಜಾಲ ಫೋನನ್ನು 4ಜಿಯಿಂದ ಹಳೆಯ ಜಾಲಕ್ಕೆ ಇಳಿಸುತ್ತದೆ. ಅಲ್ಲಿ ಮಾತು ಮುಗಿಸಿ ಮತ್ತೆ ಮೇಲೆ ಬರಬೇಕು. ನಿಮಗೆ ಫೋನ್ ಮಾಡಿದವರಿಗೆ ರಿಂಗ್ ಕೇಳಿಸಲು ನಾಲ್ಕಾರು ಸೆಕೆಂಡು ಹೆಚ್ಚು ಹಿಡಿಯುತ್ತಿದ್ದರೆ ಈ ಇಳಿದಾಟವೇ ಕಾರಣ. ಇಳಿದದ್ದು 2ಜಿಗಾದರೆ ಮಾತು ಮತ್ತು ಡೇಟಾ ಎರಡೂ ಒಟ್ಟಿಗೆ ನಡೆಯುವುದಿಲ್ಲ. ನೆಟ್ ನಿಲ್ಲುವುದು ಅದಕ್ಕೇ.

ಸೆಟ್ಟಿಂಗ್ಸ್ ತೆರೆಯಿರಿ, ಮೊಬೈಲ್ ನೆಟ್‌ವರ್ಕ್ ಅಥವಾ ಸಿಮ್ ಎಂದಿರುವಲ್ಲಿ ಹೋಗಿ. ‘ವೋಲ್ಟೆ’ ಅಂತಲೋ ‘4ಜಿ ಕಾಲಿಂಗ್’ ಅಂತಲೋ ಒಂದು ಗುಂಡಿ ಇರುತ್ತದೆ. ಎರಡು ಸಿಮ್ ಇದ್ದರೆ ಪ್ರತಿ ಸಿಮ್ಮಿಗೂ ಅದು ಬೇರೆ ಬೇರೆ, ಒಂದನ್ನು ಆನ್ ಮಾಡಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ಆನ್ ಮಾಡಿ, ಫೋನನ್ನು ಒಮ್ಮೆ ಆಫ್ ಮಾಡಿ ಹಚ್ಚಿ, ಯಾರಿಗಾದರೂ ಫೋನ್ ಮಾಡಿ ಪರದೆಯ ಮೂಲೆ ನೋಡಿ. ಮಾತಿನ ನಡುವೆಯೂ 4ಜಿ ಹಾಗೇ ಉಳಿದರೆ ಕೆಲಸ ಮುಗಿಯಿತು. ದನಿಯೂ ಮೊದಲಿಗಿಂತ ತಿಳಿಯಾಗಿ ಕೇಳಿಸುತ್ತದೆ. ಇನ್ನೊಂದು ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ: ಡೇಟಾ ಒಂದು ಸಿಮ್ಮಿನಲ್ಲಿದ್ದು ಕರೆ ಇನ್ನೊಂದು ಸಿಮ್ಮಿಗೆ ಬಂದರೆ ಎಷ್ಟೋ ಫೋನುಗಳಲ್ಲಿ ನೆಟ್ ನಿಲ್ಲುತ್ತದೆ. ಅದು ವೋಲ್ಟೆಯ ತಪ್ಪಲ್ಲ. ಕರೆಯ ಸಮಯದಲ್ಲಿ ಡೇಟಾವನ್ನು ಆ ಸಿಮ್ಮಿಗೆ ತಾತ್ಕಾಲಿಕವಾಗಿ ಬದಲಿಸಲು ಬಿಡುವ ಸೆಟ್ಟಿಂಗ್ ಕೆಲವು ಫೋನುಗಳಲ್ಲಿ ಇದೆ, ಹುಡುಕಿ ನೋಡಿ.

4ಜಿಯಿಂದ ಇಳಿದದ್ದು ಸೀದಾ ‘ಇ’ಗೇ ಏಕೆ, ನಡುವೆ 3ಜಿ ಏಕೆ ಬರಲಿಲ್ಲ ಎಂದು ನಿಮಗೆ ಅನ್ನಿಸಿರಬಹುದು. ಕಾರಣ, ಆ ಮಧ್ಯದ ಮೆಟ್ಟಿಲನ್ನು ಕಿತ್ತುಹಾಕಿದ್ದಾರೆ. ಏರ್‌ಟೆಲ್ 2019-20ರ ಹೊತ್ತಿಗೆ ತನ್ನ 3ಜಿಯನ್ನು ಮುಚ್ಚುತ್ತ ಬಂತು, ವಿಐ ಕೂಡ 3ಜಿಯ ತರಂಗಗಳನ್ನು 4ಜಿಗೆ ತಿರುಗಿಸಿಕೊಂಡಿತು. ಆದರೆ 2ಜಿಯನ್ನು ಉಳಿಸಿಕೊಂಡರು, ಯಾಕೆಂದರೆ ಗುಂಡಿ ಫೋನುಗಳು ಇನ್ನೂ ಕೋಟಿಗಟ್ಟಲೆ ಇವೆ. ತೋಟದ ಪಂಪಿಗೆ ಕೂಡಿಸಿರುತ್ತಾರಲ್ಲ, ಮನೆಯಲ್ಲೇ ಕೂತು ಮಿಸ್ಡ್ ಕಾಲ್ ಕೊಟ್ಟರೆ ಮೋಟರು ಶುರುವಾಗುವ ಮೊಬೈಲ್ ಸ್ಟಾರ್ಟರು, ಅವುಗಳಲ್ಲಿ ಬಹಳಷ್ಟರ ಒಳಗೆ ಇರುವುದೂ 2ಜಿಯೇ. ಜಿಯೊ ಮಾತ್ರ 2016ರ ಸೆಪ್ಟೆಂಬರ್ 5ರಂದು ಶುರುವಾದಾಗಿನಿಂದಲೂ 2ಜಿ, 3ಜಿ ಎರಡನ್ನೂ ಇಟ್ಟುಕೊಂಡಿಲ್ಲ. ಆ ಕಂಪನಿಯ ಸ್ವಂತ ಜಾಲದಲ್ಲಿ ‘ಇ’ಯೂ ಬಾರದು, ‘ಎಚ್’ ಕೂಡ ಬಾರದು; ಇದ್ದರೆ 4ಜಿ, 5ಜಿ, ಇಲ್ಲದಿದ್ದರೆ ಏನೂ ಇಲ್ಲ. ಹಾಗಾಗಿ ‘ನನ್ನ ಫೋನಿನಲ್ಲಿ ಇ ಬರುತ್ತೆ, ಪಕ್ಕದ ಮನೆಯವರದ್ದರಲ್ಲಿ ಬರಲ್ಲ, ನನ್ನ ಫೋನೇ ಹಾಳು’ ಎಂದು ಲೆಕ್ಕಹಾಕಬೇಡಿ.

ಈಗ ಅಕ್ಷರಗಳಿಗೆ ಬರೋಣ. ಇವು ಬೇರೆ ಬೇರೆ ಕಾಲದ ಜಾಲಗಳ ಹೆಸರುಗಳು, ಅಷ್ಟೇ. ‘ಜಿ’ ಎಂದರೆ ಜಿಪಿಆರ್‌ಎಸ್, 2ಜಿಯ ಮೊದಲ ಡೇಟಾ. ‘ಇ’ ಎಂದರೆ ಎಡ್ಜ್, ಅದೂ 2ಜಿಯೇ, ಸ್ವಲ್ಪ ಚುರುಕು. ‘ಎಚ್’ ಮತ್ತು ‘ಎಚ್ ಪ್ಲಸ್’ 3ಜಿಯ ಸುಧಾರಿಸಿದ ರೂಪಗಳು. ಎಲ್‌ಟಿಇ ಎಂದರೂ 4ಜಿ ಎಂದರೂ ನಮ್ಮ ಫೋನುಗಳಲ್ಲಿ ಒಂದೇ ಅರ್ಥ. ‘4ಜಿ ಪ್ಲಸ್’ ಬಂದರೆ ಫೋನು ಒಂದಕ್ಕಿಂತ ಹೆಚ್ಚು ತರಂಗಪಟ್ಟಿಗಳನ್ನು ಜೋಡಿಸಿಕೊಂಡು ಬಳಸಬಲ್ಲದು ಎಂದು ತಿಳಿಯಿರಿ. ವೇಗದ ಅಂಕಿಗಳನ್ನು ಬರೆದರೆ ತಲೆಗೆ ಹತ್ತುವುದಿಲ್ಲ. ಬದಲಿಗೆ ಮದುವೆಮನೆಯ ಒಂದು ಫೋಟೊ, ಮೂರು ಎಂಬಿಯದ್ದು ಅನ್ನಿ, ವಾಟ್ಸಾಪ್ ಅದನ್ನು ಕುಗ್ಗಿಸದೆ ಹಾಗೇ ಬರುತ್ತಿದೆ ಅಂದುಕೊಳ್ಳಿ. ‘ಜಿ’ಯಲ್ಲಿ, ದಿನನಿತ್ಯ ಸಿಗುವ ವೇಗದಲ್ಲಿ, ಅದು ಇಳಿಯಲು ಹತ್ತು ನಿಮಿಷ ಬೇಕು. ‘ಇ’ಯಲ್ಲಿ ಮೂರು ನಿಮಿಷದ ಮೇಲೆ. ಸುಮಾರಾದ ‘ಎಚ್’ನಲ್ಲಿ ಎಂಟು ಹತ್ತು ಸೆಕೆಂಡು. ಸಾಧಾರಣ 4ಜಿಯಲ್ಲಿ ಎರಡು ಮೂರು ಸೆಕೆಂಡು. 5ಜಿಯಲ್ಲಿ ನೀವು ಎಣಿಸಲು ಶುರುಮಾಡುವಷ್ಟರಲ್ಲಿ ಮುಗಿದಿರುತ್ತದೆ. ‘ಇ’ ಇದ್ದಾಗ ವಾಟ್ಸಾಪಿನ ಅಕ್ಷರ ಸಂದೇಶ ಹೋಗಿ ಫೋಟೊ ಮಾತ್ರ ಅಲ್ಲೇ ಸಿಕ್ಕಿಕೊಳ್ಳುವುದು ಈ ಲೆಕ್ಕದಿಂದಲೇ. ಓಟಿಪಿ ಮೆಸೇಜಿಗಂತೂ ಡೇಟಾವೇ ಬೇಡ, ಮೂಲೆಯಲ್ಲಿ ಯಾವ ಅಕ್ಷರವೂ ಇಲ್ಲದೆ ಬರೀ ಕಡ್ಡಿ ಇದ್ದರೂ ಬರುತ್ತದೆ.

ನಿಮ್ಮ ಮನೆಯವರ ಫೋನಿನಲ್ಲಿ 3ಜಿ ಆಗಾಗ ‘ಎಚ್’ ಆಗುವುದು ಕಾಯಿಲೆ ಅಲ್ಲ. ಸುಮ್ಮನಿರುವಾಗ ಫೋನು 3ಜಿ ಎಂದು ತೋರಿಸುತ್ತದೆ, ಡೇಟಾ ಹರಿಯಲು ಶುರುವಾದಾಗ ವೇಗದ ದಾರಿಗೆ ಹತ್ತಿ ‘ಎಚ್’ ಎನ್ನುತ್ತದೆ, ಕೆಲಸ ಮುಗಿದರೆ ಇಳಿಯುತ್ತದೆ. ಅದು ಚೆನ್ನಾಗಿಯೇ ನಡೆಯುತ್ತಿದೆ ಎಂಬುದರ ಗುರುತು.

ಮಗನ ಫೋನಿನ 5ಜಿ ಕಥೆ ಸ್ವಲ್ಪ ಉದ್ದ. ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕು: ಮೂಲೆಯ ಅಕ್ಷರ ಬಸ್ಸಿನ ಬೋರ್ಡಿನಂತೆ. ಬಂದದ್ದು ಯಾವ ಬಸ್ಸು ಎಂದು ಬೋರ್ಡು ಹೇಳುತ್ತದೆ, ಸೀಟಿದೆಯೇ, ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಹೇಳುವುದಿಲ್ಲ. 5ಜಿಯಲ್ಲಂತೂ ಆ ಬೋರ್ಡನ್ನು ಬಸ್ಸು ಬರುವ ಮೊದಲೇ ನೇತುಹಾಕಿರುವುದುಂಟು.

ನಮ್ಮ ದೇಶದಲ್ಲಿ 5ಜಿ 2022ರ ಅಕ್ಟೋಬರ್ 1ರಂದು ಶುರುವಾಯಿತು. ಆಗ ಎರಡು ದೊಡ್ಡ ಕಂಪನಿಗಳು ಎರಡು ದಾರಿ ಹಿಡಿದವು. ಏರ್‌ಟೆಲ್ ಶುರುಮಾಡಿದ ಕ್ರಮದಲ್ಲಿ ಫೋನು ಮೊದಲು 4ಜಿಯನ್ನೇ ಹಿಡಿದುಕೊಳ್ಳುತ್ತದೆ, ಹೆಚ್ಚು ಡೇಟಾ ಬೇಕಾದಾಗ ಅದರ ಮೇಲೆ 5ಜಿಯನ್ನು ಸೇರಿಸಿಕೊಳ್ಳುತ್ತದೆ. ಮನೆಯ ಮೇಲೆ ಮಹಡಿ ಎಬ್ಬಿಸಿದ ಹಾಗೆ. ಜಿಯೊ 5ಜಿಗೆಂದೇ ಬೇರೆ ಮನೆ ಕಟ್ಟಿತು. ಮೊದಲನೆಯ ಕ್ರಮದಲ್ಲಿ 4ಜಿ ಟವರು ತಾನು ಬಿತ್ತರಿಸುವ ಮಾಹಿತಿಯ ಜೊತೆಗೆ ‘ನನ್ನಲ್ಲಿ 5ಜಿಯನ್ನೂ ಜೋಡಿಸಬಹುದು’ ಎಂದು ಒಂದು ಸಣ್ಣ ಗುರುತನ್ನು ಕಳಿಸುತ್ತಿರುತ್ತದೆ. ಎಷ್ಟೋ ಫೋನುಗಳು ಆ ಗುರುತು ಕಂಡರೆ ಸಾಕು, 5ಜಿ ಎಂದು ತೋರಿಸಿಬಿಡುತ್ತವೆ. ನಿಜವಾದ 5ಜಿ ಆಂಟೆನಾ ನೀವು ನಿಂತ ಜಾಗಕ್ಕೆ ತಲುಪುತ್ತಿದೆಯೋ ಇಲ್ಲವೋ, ಡೇಟಾ ಅದರಲ್ಲಿ ಹೋಗುತ್ತಿದೆಯೋ 4ಜಿಯಲ್ಲೇ ಹೋಗುತ್ತಿದೆಯೋ, ಅಕ್ಷರಕ್ಕೆ ಗೊತ್ತಿಲ್ಲ. ಎರಡನೆಯ ಕ್ರಮದಲ್ಲಿ ಈ ಗೊಂದಲ ಕಡಿಮೆ. ಆದರೆ ಅಲ್ಲೂ ಕರೆ ಬಂದಾಗ ಫೋನು 5ಜಿಯಿಂದ 4ಜಿಗೆ ಇಳಿದು ವೋಲ್ಟೆಯಲ್ಲಿ ಮಾತಾಡಿ ಮತ್ತೆ ಹತ್ತುವುದು ಉಂಟು. ನಿಮ್ಮ ‘ಇ’ಯ ಕಥೆಯೇ, ಒಂದು ಮಹಡಿ ಮೇಲೆ.

ಹೆಸರಿನ ಈ ಆಟ ಹೊಸದೇನಲ್ಲ. 4ಜಿ ಎಂದು ಕರೆಯಿಸಿಕೊಳ್ಳಲು ಬೇಕಾದ ಮಟ್ಟವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಬಹಳ ಎತ್ತರದಲ್ಲಿ ಇಟ್ಟಿತ್ತು, ಮೊದಲ ಎಲ್‌ಟಿಇ ಆ ಮಟ್ಟ ಮುಟ್ಟುತ್ತಿರಲಿಲ್ಲ. ಕಂಪನಿಗಳು ಅಷ್ಟರಲ್ಲಾಗಲೇ 4ಜಿ ಎಂದು ಡಂಗುರ ಹೊಡೆದಿದ್ದವು. 2010ರ ಡಿಸೆಂಬರಿನಲ್ಲಿ ಒಕ್ಕೂಟವೇ ಸಡಿಲಿಸಿ, ಎಲ್‌ಟಿಇಯನ್ನೂ ಸುಧಾರಿಸಿದ 3ಜಿಯನ್ನೂ 4ಜಿ ಎನ್ನಬಹುದು ಎಂದಿತು. ಅಮೆರಿಕದಲ್ಲಿ ಎಟಿ ಆ್ಯಂಡ್ ಟಿ ಕಂಪನಿ 2019ರ ಆರಂಭದಲ್ಲಿ 4ಜಿ ಫೋನುಗಳ ಮೂಲೆಯಲ್ಲೇ ‘5ಜಿ ಇ’ ಎಂದು ತೋರಿಸಲು ಶುರುಮಾಡಿ, ಪ್ರತಿಸ್ಪರ್ಧಿ ಕಂಪನಿಯಿಂದ ಮೊಕದ್ದಮೆ ಹಾಕಿಸಿಕೊಂಡಿತು. ಅಲ್ಲಿ ಮಕ್ಕಳ ಮನೆಗೆ ಹೋಗಿದ್ದ ನಮ್ಮವರು ಕೆಲವರು ಊರಿಗೆ ಬಂದು ‘ಅಲ್ಲಿ ಆಗಲೇ 5ಜಿ’ ಎಂದದ್ದು ನನಗೆ ನೆನಪಿದೆ. ಅವರು ನೋಡಿದ್ದು 4ಜಿಯನ್ನೇ!

ಆಯಿತು, ಕಡ್ಡಿಗಳು ಪೂರ್ತಿ ಇದ್ದವಲ್ಲ ಎನ್ನುತ್ತೀರಿ. ಎಷ್ಟು ಶಕ್ತಿಯ ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ, ಪ್ರತಿ ಫೋನು ಕಂಪನಿಯೂ ತನಗೆ ತೋಚಿದಂತೆ ಎಳೆಯುತ್ತದೆ. 2010ರ ಜುಲೈನಲ್ಲಿ ಆ್ಯಪಲ್ ಕಂಪನಿಯೇ, ಐಫೋನಿನ ಕಡ್ಡಿಗಳ ಲೆಕ್ಕ ಪೂರಾ ತಪ್ಪಿತ್ತು, ಹಲವು ಕಡೆ ಇರಬೇಕಾದ್ದಕ್ಕಿಂತ ಎರಡು ಕಡ್ಡಿ ಹೆಚ್ಚು ತೋರಿಸುತ್ತಿತ್ತು ಎಂದು ಬಹಿರಂಗವಾಗಿ ಒಪ್ಪಿಕೊಂಡಿತು. ನಿಜವಾದ ಅಳತೆ ಬೇಕಾದರೆ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿ ನೋಡಿ. ಮೈನಸ್ ಗುರುತಿನ ಅಂಕಿ, ಮುಂದೆ ಡಿಬಿಎಂ ಎಂದು ಇರುತ್ತದೆ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಇದ್ದರೆ ಸೊಗಸು, ಮೈನಸ್ 100 ಆದರೆ ಹೇಗೋ ನಡೆಯುತ್ತದೆ, ಮೈನಸ್ 115 ದಾಟಿದರೆ ಜೀವ ಹಿಡಿದುಕೊಂಡಿದೆ ಅಷ್ಟೇ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಅಂಗಳದ ಅಂಕಿ, ಅಡುಗೆಮನೆಯ ಅಂಕಿ ಎರಡನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಕಡ್ಡಿಗಳು ಮುಚ್ಚಿಡುವ ಇನ್ನೊಂದು ಸಂಗತಿ ಇದೆ, ಇದನ್ನು ಅಂಗಡಿಯವರೂ ಹೇಳುವುದಿಲ್ಲ. ಕಡ್ಡಿ ಅಳೆಯುವುದು ಟವರಿನ ದನಿ ನಿಮ್ಮ ಫೋನಿಗೆ ಎಷ್ಟು ಕೇಳಿಸುತ್ತಿದೆ ಎಂಬುದನ್ನು ಮಾತ್ರ. ನಿಮ್ಮ ಫೋನಿನ ದನಿ ಟವರಿಗೆ ಕೇಳಿಸುತ್ತಿದೆಯೇ ಎಂಬುದನ್ನಲ್ಲ. ಟವರಿನ ರೇಡಿಯೊ ಹತ್ತಾರು ವ್ಯಾಟಿನದ್ದು. 4ಜಿ ಫೋನಿನ ದನಿ ಸಾಮಾನ್ಯವಾಗಿ ಹೆಚ್ಚೆಂದರೆ ಒಂದು ವ್ಯಾಟಿನ ಐದನೇ ಒಂದು ಭಾಗ. ರಥೋತ್ಸವದ ದಿನ ದೇವಸ್ಥಾನದ ಮೈಕು ನಿಮ್ಮ ಮನೆಯಂಗಳಕ್ಕೆ ಸ್ಪಷ್ಟವಾಗಿ ಕೇಳಿಸುತ್ತದೆ. ಅಂಗಳದಲ್ಲಿ ನಿಂತು ನೀವು ಕೂಗಿದರೆ ಭಟ್ಟರಿಗೆ ಕೇಳಿಸುತ್ತದೆಯೆ? ದುಡ್ಡು ಕಳಿಸುವಾಗ ನಿಮ್ಮ ಪಿನ್ನು ಮೇಲೆ ಹೋಗಬೇಕು, ಉತ್ತರ ಕೆಳಗೆ ಬರಬೇಕು. ವಿಡಿಯೊ ಚೆನ್ನಾಗಿ ಓಡುತ್ತಿದ್ದ ಜಾಗದಲ್ಲೇ ಪೇಮೆಂಟು ಸಿಕ್ಕಿಬೀಳುವುದು ಎಷ್ಟೋ ಸಲ ಹೀಗೆ.

ಬಸ್ ಸ್ಟ್ಯಾಂಡಿನಲ್ಲಿ ಇದರ ಜೊತೆಗೆ ಜನಸಂದಣಿ. ಒಂದು ಟವರಿನ ಒಂದು ದಿಕ್ಕಿಗೆ ಸಿಗುವ ವೇಗ ಇಡೀ ದಿಕ್ಕಿನ ಜನಕ್ಕೆಲ್ಲ ಒಟ್ಟಿಗೆ. 4ಜಿಯ 20 ಮೆಗಾಹರ್ಟ್ಸ್ ಅಗಲದ ತರಂಗಪಟ್ಟಿಯನ್ನು ಪೂರ್ತಿ ಕೊಟ್ಟರೂ, ಸಾಮಾನ್ಯ ಜೋಡಣೆಯಲ್ಲಿ ಸೆಕೆಂಡಿಗೆ 150 ಮೆಗಾಬಿಟ್ ಅದರ ಎಲ್ಲೆ, ಅದೂ ಕಾಗದದ ಮೇಲೆ. ಅದನ್ನು ಆ ಹೊತ್ತಿಗೆ ರೀಲ್ಸ್ ನೋಡುತ್ತಿರುವ ಇನ್ನೂರು ಜನ ಹಂಚಿಕೊಂಡರೆ ನಿಮ್ಮ ಪಾಲೆಷ್ಟು? ಜಾತ್ರೆಯಲ್ಲಿ, ಮ್ಯಾಚ್ ದಿನದ ಸ್ಟೇಡಿಯಮ್ಮಿನಲ್ಲಿ ಪೂರ್ತಿ ಕಡ್ಡಿ ಇದ್ದೂ ನೆಟ್ ಸಾಯುವುದು ಇದಕ್ಕೇ. ಟವರು ಹತ್ತಿರವೇ ಇದೆ, ಆದರೆ ಕೌಂಟರಿನ ಮುಂದೆ ಕ್ಯೂ ಇದೆ.

ಇನ್ನೊಂದು ಸುಲಭದ ಕಾರಣವನ್ನು ಮಗನ ಹತ್ತಿರ ಕೇಳಿ ನೋಡಿ: ಆ ದಿನದ ಡೇಟಾ ಮುಗಿದಿತ್ತೇ? ದಿನಕ್ಕೆ ಇಷ್ಟು ಜಿಬಿ ಎಂದು ರೀಚಾರ್ಜ್ ಮಾಡಿಸಿದ್ದರೆ, ಅದು ತೀರಿದ ಮೇಲೆ ಅನೇಕ ಪ್ಲಾನುಗಳಲ್ಲಿ ನೆಟ್ ಪೂರ್ತಿ ನಿಲ್ಲುವುದಿಲ್ಲ, ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ ಹೆಚ್ಚುಕಡಿಮೆ ‘ಜಿ’ಯ ಕಾಲದ ವೇಗ. ಮೂಲೆಯ ಅಕ್ಷರ ಮಾತ್ರ 4ಜಿ ಎಂದೇ ನಗುತ್ತಿರುತ್ತದೆ. ಅದೇನೂ ಸುಳ್ಳು ಹೇಳುತ್ತಿಲ್ಲ, ಫೋನಿಗೂ ಟವರಿಗೂ ನಡುವಿನ ನಂಟು 4ಜಿಯೇ. ಕಟ್ಟುಹಾಕಿರುವುದು ಟವರಿನ ಆಚೆ. ಹಾಗೆಯೇ ಟವರಿನಿಂದ ಊರಾಚೆ ಹೋಗುವ ಕೇಬಲ್ಲು ಕಡಿದಿದ್ದರೂ ಕಡ್ಡಿ ಮತ್ತು ಅಕ್ಷರ ಸ್ವಲ್ಪ ಹೊತ್ತು ಜಾಗದಲ್ಲೇ ಇರುವುದುಂಟು. ಇದನ್ನು ಪತ್ತೆಮಾಡಲು ಆಂಡ್ರಾಯ್ಡ್ ಆಗಾಗ ಗೂಗಲಿನ ಒಂದು ವಿಳಾಸಕ್ಕೆ ಸಣ್ಣ ಕೂಗು ಹಾಕಿ ನೋಡುತ್ತದೆ. ‘ಓ’ ಎಂಬ ಮರುದನಿ ಬಾರದಿದ್ದರೆ ಕಡ್ಡಿಗಳ ಪಕ್ಕ ಆಶ್ಚರ್ಯಸೂಚಕ ಚಿಹ್ನೆಯನ್ನೋ ಕೆಲವು ಫೋನುಗಳಲ್ಲಿ ಸಣ್ಣ ಅಡ್ಡಗುರುತನ್ನೋ ಹಾಕುತ್ತದೆ. ಅದು ಕಂಡರೆ ಸಿಗ್ನಲ್ ಇದೆ, ಇಂಟರ್‌ನೆಟ್ ಇಲ್ಲ ಎಂದು ಅರ್ಥ. ಗುಡ್ಡ ಹತ್ತಿ ಪ್ರಯೋಜನವಿಲ್ಲ.

ಉಳಿದ ಚಿಹ್ನೆಗಳನ್ನು ಬೇಗ ಮುಗಿಸುತ್ತೇನೆ. ಅಕ್ಷರದ ಪಕ್ಕದ ಸಣ್ಣ ಬಾಣಗಳು ಡೇಟಾ ಬರುವುದನ್ನೂ ಹೋಗುವುದನ್ನೂ ತೋರಿಸುತ್ತವೆ. ಮೇಲಿನ ಬಾಣ ಮಾತ್ರ ಮಿನುಗುತ್ತ ಕೆಳಗಿನದು ಸತ್ತಿದ್ದರೆ ನಿಮ್ಮ ಫೋನು ಕೇಳುತ್ತಿದೆ, ಯಾರೂ ಉತ್ತರ ಕೊಡುತ್ತಿಲ್ಲ. ‘ಆರ್’ ಎಂದರೆ ರೋಮಿಂಗ್; ಕಾರವಾರದ ಆಚೆಗೋ ಸುಳ್ಯದ ಗಡಿಗೋ ಹೋದರೆ ಗೋವೆಯ, ಕೇರಳದ ಟವರು ಹಿಡಿದು ಬರುತ್ತದೆ. ‘ತುರ್ತು ಕರೆ ಮಾತ್ರ’ ಎಂದು ಬಂದರೆ ನಿಮ್ಮ ಕಂಪನಿಯ ಟವರು ಸಿಕ್ಕಿಲ್ಲ, ಬೇರೆಯವರದ್ದು ಕೇಳಿಸುತ್ತಿದೆ. 112ಕ್ಕೆ ಕರೆ ಅದರ ಮೂಲಕವೂ ಹೋಗುತ್ತದೆ.

ಇನ್ನು ನಿಮ್ಮ ಅಡುಗೆಮನೆ. ಇದರ ಕಾರಣ ತರಂಗದ ಗುಣದಲ್ಲಿದೆ. 4ಜಿಯ ಬಹುಪಾಲು 1800, 2100, 2300 ಮೆಗಾಹರ್ಟ್ಸ್‌ಗಳಲ್ಲಿ ನಡೆಯುತ್ತದೆ. 2ಜಿಗೆ 900 ಇದೆ. ಅಂಕಿ ಕಡಿಮೆಯಾದಷ್ಟೂ ತರಂಗ ದೂರ ಹೋಗುತ್ತದೆ, ಗೋಡೆಯನ್ನೂ ಮರಗಳ ಸಂದಿಯನ್ನೂ ಚೆನ್ನಾಗಿ ದಾಟುತ್ತದೆ. ನಿಮ್ಮ ಕಡೆಯ ಜಂಬಿಟ್ಟಿಗೆಯ ದಪ್ಪ ಗೋಡೆ, ಸುತ್ತ ಅಡಿಕೆ ತೋಟ, ಎದುರಿಗೊಂದು ಗುಡ್ಡ, ಮೇಲೆ ಧೋ ಎಂದು ಹುಯ್ಯುವ ಮಳೆಯಲ್ಲಿ ನೆನೆದ ಎಲೆಗಳು. 4ಜಿ ಅಂಗಳದಲ್ಲೇ ನಿಂತು, ‘ಇ’ ಮಾತ್ರ ಒಳಗೆ ಬರುತ್ತದೆ. ಅದೇ ಕಾರಣಕ್ಕೆ 3500 ಮೆಗಾಹರ್ಟ್ಸಿನ 5ಜಿ ನಿಮ್ಮ ಅಡುಗೆಮನೆ ಹೊಕ್ಕುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ. 2020-21ರ ಆನ್‌ಲೈನ್ ಪಾಠದ ಕಾಲದಲ್ಲಿ ಮಲೆನಾಡಿನ ಮಕ್ಕಳು ಗುಡ್ಡದ ತುದಿಯಲ್ಲಿ ಟಾರ್ಪಾಲು ಕಟ್ಟಿ ಕೂತು ಪಾಠ ಕೇಳಿದರಲ್ಲ, ಆ ಮಕ್ಕಳಿಗೆ ಈ ವಿಜ್ಞಾನ ಪುಸ್ತಕವಿಲ್ಲದೆಯೇ ಗೊತ್ತಿತ್ತು.

ಒಮ್ಮೆ ‘ಇ’ಗೆ ಇಳಿದ ಫೋನು ಅಂಗಳಕ್ಕೆ ಬಂದ ಮೇಲೂ ಬಹಳ ಹೊತ್ತು ಅಲ್ಲೇ ಅಂಟಿಕೊಂಡಿರುವುದುಂಟು. ಸಿಕ್ಕ ಟವರನ್ನು ಸುಲಭಕ್ಕೆ ಬಿಡಬೇಡ ಎಂದೇ ಅದಕ್ಕೆ ಕಲಿಸಿರುವುದು, ಇಲ್ಲದಿದ್ದರೆ ಕ್ಷಣಕ್ಕೊಂದು ಟವರಿಗೆ ಹಾರಿ ಬ್ಯಾಟರಿ ಬರಿದುಮಾಡಿಕೊಳ್ಳುತ್ತದೆ. ಏರೋಪ್ಲೇನ್ ಮೋಡ್ ಹಾಕಿ ಹತ್ತು ಸೆಕೆಂಡು ಬಿಟ್ಟು ತೆಗೆದರೆ ಹೊಸದಾಗಿ ಹುಡುಕಿ 4ಜಿ ಹಿಡಿಯುತ್ತದೆ. ‘ಎಲ್‌ಟಿಇ ಓನ್ಲಿ’ ಮಾಡಿಡಿ ಎಂದು ಯೂಟ್ಯೂಬಿನಲ್ಲಿ ಹೇಳುತ್ತಾರೆ. ವೋಲ್ಟೆ ಸರಿಯಾಗದೆ ಅದನ್ನು ಮಾಡಿಟ್ಟರೆ ನಿಮಗೆ ಕರೆಗಳೇ ಬಾರವು, ಹುಷಾರು. ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದ್ದರೆ ಮಾತ್ರ ನಿಮ್ಮ ಅಡುಗೆಮನೆಗೆ ನಿಜವಾದ ಪರಿಹಾರ ಇದೆ: ವೋಲ್ಟೆ ಇದ್ದಲ್ಲೇ ‘ವೈಫೈ ಕಾಲಿಂಗ್’ ಎಂದು ಇನ್ನೊಂದು ಗುಂಡಿ. ಅದನ್ನು ಆನ್ ಮಾಡಿದರೆ ಕರೆಗಳು ವೈಫೈ ಮೂಲಕ ಬರುತ್ತವೆ, ನಂಬರು ಅದೇ, ಆ್ಯಪ್ ಏನೂ ಬೇಡ. ಏರ್‌ಟೆಲ್ 2019ರ ಕೊನೆಯಲ್ಲಿ, ಜಿಯೊ 2020ರ ಜನವರಿಯಲ್ಲಿ ಇದನ್ನು ಶುರುಮಾಡಿದರೂ ನಮ್ಮ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮಳೆಗಾಲದಲ್ಲಿ ಕರೆಂಟು ಹೋದ ಕೆಲವು ಗಂಟೆಗೆ 4ಜಿ ಹೋಗಿ ಬರೀ 2ಜಿ ಉಳಿಯುತ್ತಿದ್ದರೆ ಫೋನನ್ನು ಬೈಯಬೇಡಿ. ಟವರು ಬ್ಯಾಟರಿಯ ಮೇಲೆ ನಡೆಯುತ್ತಿದೆ. ಕೆಲವೆಡೆ ಹೆಚ್ಚು ಕರೆಂಟು ತಿನ್ನುವ 4ಜಿ, 5ಜಿಯನ್ನು ಮೊದಲು ನಿಲ್ಲಿಸಿ ಮಾತಿಗೆ ಬೇಕಾದ 2ಜಿಯನ್ನು ಕಡೆಯವರೆಗೆ ಉಳಿಸಿಕೊಳ್ಳುವಂತೆ ಕಟ್ಟಿರುತ್ತಾರೆ. ಆಮೇಲೆ ಅದೂ ಹೋಗುತ್ತದೆ.

ಕೊನೆಗೆ ಮನೆಯವರ ಸಿಮ್ಮಿನ ವಿಚಾರ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಅರ್ಪಿಸಿತು. ಅದರ ಟವರಿನ ರೇಡಿಯೊಗಳನ್ನು ಮಾಡಿಕೊಟ್ಟದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ನಿಮ್ಮ ಹತ್ತಿರದ ಬಿಎಸ್‌ಎನ್‌ಎಲ್ ಟವರಿಗೆ 4ಜಿ ಬಂದಿದೆಯೇ ಎಂದು ಅವರ ಕಚೇರಿಯಲ್ಲಿ ವಿಚಾರಿಸಿ. ಬಂದಿದ್ದರೂ ಹಳೇ ಸಿಮ್ಮಿನಲ್ಲಿ ಅದು ಕಾಣದು, ಅದೇ ನಂಬರಿಗೆ 4ಜಿ ಸಿಮ್ ಹಾಕಿಸಿಕೊಳ್ಳಬೇಕು. ಈ 4ಜಿ 700 ಮತ್ತು 2100 ಮೆಗಾಹರ್ಟ್ಸ್‌ಗಳಲ್ಲಿ ನಡೆಯುತ್ತದೆ, 700 ನಿಮ್ಮ ಜಂಬಿಟ್ಟಿಗೆ ಗೋಡೆಯನ್ನು ದಾಟಬಲ್ಲ ತರಂಗ. ಆದರೆ ಹಳೆಯ 4ಜಿ ಫೋನುಗಳಲ್ಲಿ ಕೆಲವಕ್ಕೆ ಆ 700 ಹಿಡಿಯುವ ಸೌಲಭ್ಯವೇ ಇಲ್ಲ. ಫೋನಿನ ವಿವರಗಳಲ್ಲಿ ‘ಬ್ಯಾಂಡ್ 28’ ಇದೆಯೇ ನೋಡಿ. ಇಲ್ಲದಿದ್ದರೆ, ಅಂಗಡಿಯವರು ನಿಮಗೆ ತೋರಿಸಿದ ಆ ಹೊಸ ಫೋನಿನ ಬ್ಯಾಂಡುಗಳ ಪಟ್ಟಿಯನ್ನು ಒಮ್ಮೆ ಓದಿ ನೋಡಿ, ಅದು ಮನೆಯವರಿಗೆ ಆಗಬಹುದು.